ಜರಿಹುಳುವಿನ ಆಟ ಬರೆದ ಡೋನಾ ಬೇಯ್ಲಿ

(ಕೋಡಂಬಾಕ್ಕಂನಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



"ನೀನು ಐಟಿಯವಳು, ಅದರ ಬಗ್ಗೆಯೇ ಮಾತಾಡು" ಎಂದರು. ಹಾಗಾಗಿ ಒಬ್ಬ ಪ್ರೋಗ್ರಾಮರ್ ಕಥೆ ಹೇಳುತ್ತೇನೆ. ಹೆಸರು ಡೋನಾ ಬೇಯ್ಲಿ, ಊರು ಅಮೆರಿಕದ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್. ಹೆಸರು ಕೇಳಿದವರು ಇಲ್ಲಿ ಕಡಿಮೆ ಇರಬಹುದು. ಕೋಡಂಬಾಕ್ಕಂನವರಿಗೆ ಇದೇನು ಹೊಸದಲ್ಲ. 1954ರ 'ಬೇಡರ ಕಣ್ಣಪ್ಪ' ಎಂದರೆ ರಾಜ್‌ಕುಮಾರ್ ನೆನಪಾಗುತ್ತಾರೆ, ಸಂಕಲನ ಮಾಡಿದವರು ನೆನಪಾಗುವುದಿಲ್ಲ. ಆದರೂ ಸಿನಿಮಾದವರು ಟೈಟಲ್ ಕಾರ್ಡಿನಲ್ಲಿ ಹೆಸರನ್ನಾದರೂ ಹಾಕುತ್ತಿದ್ದರು. ಆಗಿನ ಅಟಾರಿ ಕಂಪನಿಯಲ್ಲಿ ಆಟ ಬರೆದವರಿಗೆ ಅದೂ ಇರಲಿಲ್ಲ. ಆ ಬೇಸರದಲ್ಲೇ ಕೆಲವರು ಹೊರಬಂದು 1979ರಲ್ಲಿ ಆಕ್ಟಿವಿಷನ್ ಶುರುಮಾಡಿದ್ದು.

ಡೋನಾ ಓದಿದ್ದು ಮನಃಶಾಸ್ತ್ರ, ಆಮೇಲೆ ಗಣಿತ. ಕೆಲಸ ಸಿಕ್ಕಿದ್ದು ಜನರಲ್ ಮೋಟಾರ್ಸ್‌ನಲ್ಲಿ. ಕ್ಯಾಡಿಲ್ಯಾಕ್ ಕಾರಿನ ಡಿಸ್‌ಪ್ಲೇಗೆ 6502 ಅಸೆಂಬ್ಲಿ ಭಾಷೆಯಲ್ಲಿ ಕೋಡ್ ಬರೆಯುವುದು. ಒಂದು ಹಾಡು ಕೇಳಿ, ಅದೇ ಹೆಸರಿನ ಆಟವೊಂದಿದೆ ಎಂದು ಗೆಳೆಯರಿಂದ ತಿಳಿದು 'ಸ್ಪೇಸ್ ಇನ್ವೇಡರ್ಸ್' ನೋಡಲು ಹೋದರು. ನೋಡಿದರೆ, ತಾವು ಕಾರಿಗೆ ಮಾಡುವ ಕೆಲಸದ ತರಹವೇ ಇದೆ! ಅಟಾರಿಯವರು ಬಳಸುತ್ತಿದ್ದುದೂ 6502 ಚಿಪ್ಪನ್ನೇ. 1980ರಲ್ಲಿ ಅಲ್ಲಿಗೆ ಸೇರಿದರು. ನಾಣ್ಯ ಹಾಕಿ ಆಡುವ ಯಂತ್ರಗಳ ವಿಭಾಗದಲ್ಲಿ ಆಗ ಪ್ರೋಗ್ರಾಮ್ ಬರೆಯುವ ಹೆಣ್ಣು ಇವರೊಬ್ಬರೇ.

ಅಲ್ಲಿ ಆಟದ ಐಡಿಯಾಗಳ ಒಂದು ಪುಸ್ತಕವಿತ್ತು. ಹೆಚ್ಚಿನವು ಅದನ್ನು ಸುಡು, ಇದನ್ನು ಉಡಾಯಿಸು ಎನ್ನುವಂಥವು. ಒಂದೇ ಒಂದು ಸಾಲು ಡೋನಾಗೆ ಹಿಡಿಸಿತು: ತುಂಡು ತುಂಡು ಮೈಯ ಹುಳುವೊಂದು ಪರದೆಯ ಮೇಲೆ ಹರಿದು ಬರುತ್ತದೆ, ಅದಕ್ಕೆ ಗುಂಡು ಹೊಡೆಯಬೇಕು. ಅದೇ 1981ರ 'ಸೆಂಟಿಪೀಡ್'. ನಮ್ಮ ಜರಿಹುಳು, ಇಲ್ಲಿಯವರ ಪೂರಾನ್.

ಜರಿ ಮೇಲಿನಿಂದ ಬರುತ್ತದೆ. ಅಣಬೆ ಅಡ್ಡ ಬಂದರೆ ಒಂದು ಸಾಲು ಕೆಳಗಿಳಿದು ತಿರುಗುತ್ತದೆ. ನಡುವಿಗೆ ಹೊಡೆದಿರೋ, ಆ ತುಂಡು ಅಣಬೆಯಾಗಿ, ಒಂದು ಜರಿ ಎರಡಾಗುತ್ತದೆ! ಅಂದರೆ ನಿಮ್ಮ ಗುಂಡೇ ನಿಮಗೆ ಹೊಸ ತೊಂದರೆ ತರುತ್ತದೆ. ಜೊತೆಗೆ ಜೇಡ, ಚಿಗಟ, ಚೇಳು. ಚೇಳು ಮುಟ್ಟಿದ ಅಣಬೆ ವಿಷವಾಗುತ್ತದೆ, ಅದಕ್ಕೆ ತಾಗಿದ ಜರಿ ಸೀದಾ ಕೆಳಕ್ಕೆ ನುಗ್ಗುತ್ತದೆ. ಇಷ್ಟೆಲ್ಲ ಪ್ರೋಗ್ರಾಮ್ ಎಂಟು ಕಿಲೋಬೈಟ್‌ನಲ್ಲಿ. ನಮ್ಮ ಗುಂಪಿನಲ್ಲಿ ದಿನಾ ಬೆಳಿಗ್ಗೆ ಬರುವ ಶುಭೋದಯದ ಒಂದು ಚಿತ್ರ ಇದರ ಹತ್ತು ಪಟ್ಟು ತೂಗುತ್ತದೆ! ಗುಂಡಿಗಳ ಬದಲು ಅಂಗೈಯಲ್ಲಿ ಉರುಳಿಸುವ ಟ್ರ್ಯಾಕ್‌ಬಾಲ್, ಕಪ್ಪು ಹಿನ್ನೆಲೆಯಲ್ಲಿ ತಿಳಿ ಬಣ್ಣಗಳು. ಹೆಂಗಸರೂ ನಾಣ್ಯ ಹಿಡಿದು ಬಂದರು.

ಈಗ ಕಷ್ಟದ ಭಾಗ. ಜೊತೆಗೆ ಕೆಲಸ ಮಾಡಿದ ಹಿರಿಯ ಎಡ್ ಲಾಗ್ ನಿಜಕ್ಕೂ ದೊಡ್ಡ ಪ್ರತಿಭೆ, 'ಆಸ್ಟರಾಯ್ಡ್ಸ್' ಮಾಡಿದವರು. ಸೆಂಟಿಪೀಡ್ ವಿನ್ಯಾಸ ತಮ್ಮದು, ಪ್ರೋಗ್ರಾಮಿನಲ್ಲಿ ಸುಮಾರು ಅರ್ಧ ಡೋನಾದು ಎಂಬುದು ಅವರ ನೆನಪು. ಡೋನಾ ನೆನಪು ಬೇರೆ. ಯಾರದು ಎಷ್ಟು ಎಂದು ನಾನು ತೀರ್ಪು ಕೊಡುವುದಿಲ್ಲ. ಆದರೆ ತಂಡದಲ್ಲಿ ಒಬ್ಬಳೇ ಹೆಣ್ಣಿದ್ದರೆ "ಇದನ್ನು ನೀನೇ ಬರೆದೆಯಾ?" ಎಂಬ ಪ್ರಶ್ನೆ ಅವಳಿಗೇ ಮೊದಲು ಬರುತ್ತದೆ. ನನ್ನ ಮೊದಲ ಕಂಪನಿಯಲ್ಲಿ, ಎಂಟೆಕ್ ಮುಗಿಸಿ ಹೋದವಳಿಗೆ, ಮೀಟಿಂಗಿನ ಟಿಪ್ಪಣಿ ಬರೆದುಕೊಳ್ಳುವ ಕೆಲಸ ಯಾರೂ ಹೇಳದೆಯೇ ನನ್ನ ಪಾಲಿಗೆ ಬಂದಿತ್ತು. ಇಲ್ಲಿ ತಲೆಯಾಡಿಸುತ್ತಿರುವವರು ಎಷ್ಟು ಜನ ಎಂದು ಕಾಣುತ್ತಿದೆ!

1982ರಲ್ಲಿ ಡೋನಾ ಅಟಾರಿ ಬಿಟ್ಟರು. ಮತ್ತೆರಡು ಕಡೆ ದುಡಿದು ಆಟಗಳ ಉದ್ಯಮದಿಂದಲೇ ದೂರವಾದರು. ಅಲ್ಲಿನ ಒತ್ತಡ, ಗಂಡಸರ ಟೀಕೆ ಕಾರಣವೆಂದು ಬಹಳ ಕಾಲದ ನಂತರ ಹೇಳಿದರು. ಆಟ ಅಂಗಡಿಗಳಲ್ಲಿ ನಾಣ್ಯ ನುಂಗುತ್ತಲೇ ಇತ್ತು. ಬರೆದವಳು ಎಲ್ಲಿ ಎಂದು ಯಾರೂ ಕೇಳಲಿಲ್ಲ. 2007ರಲ್ಲಿ ಆಟದ ಉದ್ಯಮದ ಮಹಿಳೆಯರ ಸಮ್ಮೇಳನಕ್ಕೆ ಕರೆದಾಗ ಬಂದು ಮಾತಾಡಿದರು. ಅಷ್ಟರಲ್ಲಿ ಅವರು ತಮ್ಮೂರು ಲಿಟಲ್ ರಾಕ್‌ನ ವಿಶ್ವವಿದ್ಯಾಲಯದಲ್ಲಿ ಮಕ್ಕಳಿಗೆ ಬರವಣಿಗೆ ಕಲಿಸುವ ಮೇಡಂ ಆಗಿದ್ದರು.

ಪ್ರಶ್ನೆಗಳಿದ್ದರೆ ಕಾಫಿ ಕುಡಿಯುತ್ತಾ ಮಾತಾಡೋಣ.