ಗಂಟಲು ಮತ್ತು ಮಾತು



ಶಿವರಾತ್ರಿ ಕಳೆದ ಮೇಲೆ ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯಲ್ಲಿ ರಾಚಪ್ಪಾಜಿಯವರ ಜಾತ್ರೆ. ಒಂದು ವರ್ಷ ಅಲ್ಲಿ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯಲ್ಲಿ ಸಿದ್ದಪ್ಪಾಜಿಯ ಭಾಗ ಕೇಳುತ್ತ ಕೂತಿದ್ದೆ. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಆದರೆ ಮೈಕಿನ ಎಕೋ ಎಷ್ಟಿತ್ತೆಂದರೆ, ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತಿತ್ತು. ನಡುವೆ ಸಿನಿಮಾ ಮಟ್ಟು ಬೇರೆ. "ಹಾಡು ಕೆಡಿಸಿಬಿಟ್ಟರು" ಎಂದೆ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಸಿದ್ದಪ್ಪಾಜಿ ಕತೆ ಕೇಳ್ತಾ ಕೇಳ್ತಾನೇ ನಮ್ಮನೆಯವ್ರು ಕಣ್ಮುಚ್ಚುದ್ರು ಮಗಾ. ಮಟ್ಟು ಯಾವ್ದಾದ್ರೇನು?"

ನನಗೆ ಮಾತೇ ಹೊರಡಲಿಲ್ಲ. ನಾನು ಹಾಡಿಗೆ ಅಂದದ್ದು ಅವರ ನೆನಪಿಗೆ ತಾಗಿತ್ತು. ಹಾಗಾದರೆ ಸುಮ್ಮನಿರುವುದೇ ಸರಿಯೇ? ಅದೂ ಮನಸ್ಸಿಗೆ ಒಪ್ಪಲಿಲ್ಲ. ಕಥೆಯ ಹಾಡಿಗೆ ಮಾತೇ ಜೀವ.

ಸ್ಪಷ್ಟ ಮಾತು ಎಂದಾಗ ಒಬ್ಬರು ನೆನಪಾಗುತ್ತಾರೆ. ಕಪ್ಪಡಿಯ ಬಳಿ ಹರಿಯುವ ಕಾವೇರಿಯ ಮೇಲ್ಗಡೆ, ಪಿರಿಯಾಪಟ್ಟಣಕ್ಕೆ ದೂರವಲ್ಲದ ರುದ್ರಪಟ್ಟಣ ಇದೆ. 1920ರಲ್ಲಿ ಹುಟ್ಟಿದ ಗಾಯಕ ವಿದ್ವಾನ್ ಆರ್.ಕೆ. ಶ್ರೀಕಂಠನ್ ಆ ಊರಿನವರು, ದಶಕಗಳ ಕಾಲ ಆಕಾಶವಾಣಿಯಲ್ಲಿದ್ದವರು. ಅವರ ಹಾಡಿಕೆಯಲ್ಲಿ ಸಾಹಿತ್ಯದ ಒಂದೊಂದು ಅಕ್ಷರವೂ ಸ್ಪಷ್ಟ. ಅಂಥ ಹಾಡಿಕೆ ತಿದ್ದಿಸಿಕೊಳ್ಳದೆ ಬರುವುದಿಲ್ಲ. ಗುರು ತಿದ್ದಿದರೆ ಶಿಷ್ಯನಿಗೆ ನೋವಾಗುವುದಿಲ್ಲ, ಏಕೆಂದರೆ ಗುರು ಜೊತೆಯಲ್ಲಿ ಕೂತಿರುತ್ತಾರೆ. ನಾನು ದೂರ ಕೂತು, ಹಾಡುವವರಿಗೆ ಕೇಳಿಸದಂತೆ ತೀರ್ಪು ಕೊಟ್ಟಿದ್ದೆ.

ಬೆಳಗಾದ ಮೇಲೆ ಆ ಹಾಡುಗಾರರ ಬಳಿ ಹೋದೆ. ಬಿಸಿನೀರು ಕುಡಿಯುತ್ತಿದ್ದರು. ದನಿ ಪೂರಾ ಕಟ್ಟಿತ್ತು. ಅಜ್ಜಿ ಅತ್ತದ್ದನ್ನು ಮೊದಲು ಹೇಳಿದೆ. ಆಮೇಲೆ, "ಎಕೋದಲ್ಲಿ ನಿಮ್ಮ ಮಾತು ಮುಳುಗಿಹೋಗ್ತಾ ಇತ್ತು" ಎಂದೆ.

"ಹೌದಾ ಸಾಮಿ? ನಮ್ಗೆ ಮುಂದ್ಗಡೆ ಗೊತ್ತಾಗಾಕಿಲ್ಲ. ರಾತ್ರಿಯೆಲ್ಲ ಹಾಡ್ಬೇಕಲ್ಲ, ಗಂಟ್ಲು ಕಟ್ದಾಗ ಆ ಎಕೋನೇ ಕಾಯೋದು" ಎಂದರು.

ಅವರ ಗಂಟಲಿನ ಕಷ್ಟ ನನಗೆ ಗೊತ್ತಿರಲಿಲ್ಲ. ಹಿಂದೆ ಕೂತವರಿಗೆ ಮಾತು ಮುಟ್ಟದೇ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಹುಣಸೂರಿನ ಗಣಪತಿ ಮೆರವಣಿಗೆಯಿರಲಿ, ಎಚ್.ಡಿ. ಕೋಟೆಯ ಹಾಡಿಯ ಕುಣಿತವಿರಲಿ, ನಮಗೆ ಹಿಡಿಸದ ಹಾಡು ಯಾರದೋ ಎದೆಯಲ್ಲಿ ಇದ್ದೇ ಇರುತ್ತದೆ. ಹಿಡಿಸದ್ದನ್ನು ಹೇಳೋಣ. ಹೇಳುವ ಮೊದಲು ಎದ್ದು, ನಾಲ್ಕು ಹೆಜ್ಜೆ ನಡೆದು, ಹಾಡಿದವರ ಪಕ್ಕ ಹೋಗಿ ಕೂರೋಣ.