ಒಂಬತ್ತನೇ ತರಗತಿಯ ಮಳೆ ಲೆಕ್ಕ
(ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ಆಡಿದ ಮಾತು)



ಪ್ರಾಜೆಕ್ಟ್ ಅಂದರೆ ಪೇಟೆಯಿಂದ ತರುವ ಚಾರ್ಟು, ಥರ್ಮೋಕೋಲು ಎಂದೇ ಈ ಗಣಿತದ ಮೇಷ್ಟ್ರೂ ತಿಳಿದಿದ್ದೆ. ಒಂದು ಮಳೆಗಾಲ ಒಂಬತ್ತನೇ ತರಗತಿಗೆ ಬೇರೆ ಕೆಲಸ ಕೊಟ್ಟೆ: ನಮ್ಮ ಶಾಲೆಯ ತಾರಸಿಯಿಂದ ಎಷ್ಟು ಮಳೆನೀರು ಹರಿದುಹೋಗುತ್ತದೆ?

ಮಕ್ಕಳು ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಆಲಿಕೆಯ ಹಾಗೆ ತಲೆಕೆಳಗಾಗಿ ಕೂರಿಸಿದರು. ಬಾಟಲಿಯ ತಳ ಸಮ ಇರುವುದಿಲ್ಲವಲ್ಲ, ಕಲ್ಲು ಹಾಕಿ ನೀರು ತುಂಬಿ ಆ ಮಟ್ಟವನ್ನೇ ಸೊನ್ನೆ ಎಂದು ಗುರುತಿಸಿದರು. ಹಗ್ಗ ಹಿಡಿದು ತಾರಸಿ ಅಳೆದರು: 20 ಮೀಟರ್ ಉದ್ದ, 6 ಮೀಟರ್ ಅಗಲ. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 10 ಮಿಲಿಮೀಟರ್ ಬಿದ್ದರೆ 1,200 ಲೀಟರ್! ಸ್ವಲ್ಪ ಇಂಗಿ ಹೋಗುತ್ತದೆನ್ನಿ. ಬೋರ್‌ವೆಲ್‌ನಿಂದ ಕೊಡ ಹೊತ್ತು ತರುತ್ತಿದ್ದ ಹುಡುಗಿಯರು ಬೋರ್ಡನ್ನೇ ನೋಡುತ್ತ ನಿಂತರು.

ವರದಿಗಳು ಬಂದವು. ಒಂದು ತಂಡದ್ದು ಮುತ್ತಿನಂಥ ಅಕ್ಷರ, ಬಣ್ಣದ ಗ್ರಾಫು. ಹತ್ತಕ್ಕೆ 9 ಕೊಟ್ಟೆ. ಇನ್ನೊಂದರಲ್ಲಿ ಒಂದು ದಿನದ ಮುಂದೆ ‘ಕರು ಬಾಟಲಿ ಉರುಳಿಸಿತು, ಲೆಕ್ಕ ಇಲ್ಲ’ ಎಂದಿತ್ತು. ಅಪೂರ್ಣವೆಂದು 5 ಕೊಟ್ಟೆ. ಬರೆದ ಹುಡುಗಿ ಕೇಳಿದಳು: “ಸಾರ್, ಆವತ್ತು ಎಲ್ಲರ ಬಾಟಲಿನೂ ಉರುಳಿತ್ತು. ಅವರ ಅಂಕಿ ಎಲ್ಲಿಂದ ಬಂತು?”

ನನ್ನಲ್ಲಿ ಉತ್ತರವಿರಲಿಲ್ಲ. ಅಂಕಪಟ್ಟಿ ಒಪ್ಪಿಸಿಯಾಗಿತ್ತು, ತಿದ್ದುತ್ತೇನೆ ಎನ್ನುವ ಧೈರ್ಯ ಬರಲಿಲ್ಲ. ಆಕೆ ಈಗ ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ಅಮ್ಮಾ, ಆವತ್ತು ತಪ್ಪಿದ್ದು ನಾನು. ನಿನ್ನ ವರದಿ ಇಟ್ಟುಕೊಂಡಿದ್ದೆ, ತಂದಿದ್ದೇನೆ. ಸಭೆ ಮುಗಿದ ಮೇಲೆ ಬಂದು ತಗೋ.