ಪಂಜರದ ಗಿಳಿ ಯಾರದು?



ಇವತ್ತು ಹಕ್ಕಿಯ ವಿಷಯ ಮಾತಾಡೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಾದ ನಿಮಗೆ ಹಕ್ಕಿಯನ್ನು ನಾನೇನು ತೋರಿಸಲಿ? ತೋಟಕ್ಕೆ ಹೋದರೆ ಹಕ್ಕಿ, ಬೆಟ್ಟಕ್ಕೆ ಹೋದರೆ ಹಕ್ಕಿ. ಸೋಂದೆಯ ಮುಂಡಿಗೆಕೆರೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ನನ್ನದು ಒಂದೇ ಪ್ರಶ್ನೆ. ಜಗಲಿಯಲ್ಲಿ ಪಂಜರ ತೂಗುಹಾಕಿ ಗಿಳಿ ಸಾಕಬಹುದೇ?

“ಸಾಕಿದರೆ ಏನಾಯ್ತು? ಹಣ್ಣು ಹಾಕ್ತೇವೆ, ಮಗುವಿನ ಹಾಗೆ ನೋಡಿಕೊಳ್ತೇವೆ” ಅನ್ನುತ್ತೀರಿ. ಪ್ರೀತಿ ನಿಜ. ಆದರೆ ಕಾನೂನು ಒಪ್ಪುವುದಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರಲ್ಲಿ ಅದನ್ನು ಬಿಗಿ ಮಾಡಿದರು. ನಮ್ಮ ಕಾಡಿನ ಹಕ್ಕಿಯನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ತಪ್ಪು. ಬೇಟೆ ಅಂದರೆ ಕೋವಿ ಮಾತ್ರ ಅಲ್ಲ. ಬಲೆ ಹಾಕುವುದೂ ಬೇಟೆ. ಮೊಟ್ಟೆ ತೆಗೆಯುವುದೂ ಬೇಟೆ. ಗೂಡು ಕೆಡಿಸುವುದೂ ಬೇಟೆ. ಹೊಲದಲ್ಲಿ ಸಿಕ್ಕಿದ ನವಿಲಿನ ಮೊಟ್ಟೆಯನ್ನು ತಂದು ಕಾವು ಕೂತ ಕೋಳಿಯ ಕೆಳಗೆ ಇಡ್ತಾರಲ್ಲ, ಅದೂ ಅಷ್ಟೇ!

“ಪರವಾನಗಿ ಮಾಡಿಸಿದರೆ?” ಮನೆಯಲ್ಲಿ ಸಾಕಲಿಕ್ಕೆ ಅಂತ ಕಾಡಿನ ಗಿಳಿ ಹಿಡಿಯಲು ಯಾರೂ ಪರವಾನಗಿ ಕೊಡುವುದಿಲ್ಲ. ಜಾತ್ರೆಯಲ್ಲಿ ಗಿಣಿಶಾಸ್ತ್ರ ಹೇಳುವವನಿಗೂ ಇದೇ ಕಾನೂನು.

ಪೇಟೆಯಲ್ಲಿ ಲವ್ ಬರ್ಡ್ಸ್ ಅಂತ ಮಾರುವ ಸಣ್ಣ ಬಣ್ಣದ ಗಿಳಿಗಳ ಮಾತು ಬೇರೆ. ಅವುಗಳ ಮೂಲ ಆಸ್ಟ್ರೇಲಿಯ. ಅವನ್ನು ಸಾಕಬಹುದು. ಮಕಾವ್‌ನಂಥ ದೊಡ್ಡ ವಿದೇಶಿ ಗಿಳಿಯಾದರೆ ಸರಕಾರದಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ 2024ರಲ್ಲಿ ನಿಯಮ ಬಂದಿದೆ.

ಶಿಕ್ಷೆ ಎಷ್ಟು? 2022ರ ತಿದ್ದುಪಡಿಯಾದ ಮೇಲೆ, ಗಿಳಿ ಹಿಡಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ. ಎರಡೂ ಆಗಬಹುದು. ನವಿಲು, ದೊಡ್ಡ ಮಂಗಟ್ಟೆ ಇವು ಮೊದಲನೇ ಪಟ್ಟಿಯಲ್ಲಿವೆ. ಅವುಗಳಿಗೆ ಕಡಿಮೆ ಅಂದರೂ ಮೂರು ವರ್ಷ, ಏಳು ವರ್ಷದವರೆಗೂ ಜೈಲು. ದಂಡ ಬೇರೆ, 25,000ಕ್ಕೆ ಕಡಿಮೆ ಇಲ್ಲ. ಒಂದು ಹಕ್ಕಿಗೆ ಇಷ್ಟಾ ಅನ್ನಬೇಡಿ. ಮಂಗಟ್ಟೆಯ ಸಂಸಾರ ನೋಡಿ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಗೆ ಬರುವಷ್ಟೇ ಸಂದು ಬಿಡುತ್ತದೆ. ಗಂಡು ಹಣ್ಣು ತಂದು ಆ ಸಂದಿನಲ್ಲಿ ಕೊಡುತ್ತದೆ. ಆ ಗಂಡನ್ನು ಹಿಡಿದರೆ ಒಳಗಿನ ತಾಯಿ, ಮರಿ ಎಲ್ಲಕ್ಕೂ ಉಪವಾಸ. ನಮ್ಮ ರಾಮಪತ್ರೆಯ ಬೀಜವನ್ನು ಕಾಡೆಲ್ಲ ಬಿತ್ತುವುದೂ ಇದೇ ಹಕ್ಕಿ. ಗಿಳಿಯೂ ಪೊಟರೆಯಲ್ಲೇ ಮರಿ ಮಾಡುತ್ತದೆ. ಮರಿಗಾಗಿ ಪೊಟರೆ ಕಡಿದು ದೊಡ್ಡದು ಮಾಡಿದರೆ ಮುಂದಿನ ವರ್ಷ ಆ ಮನೆಯೇ ಇಲ್ಲ.

ಮಳೆ-ಗಾಳಿಗೆ ಮರಿ ಬಿದ್ದರೆ? ಗೂಡು ಕೈಗೆ ಸಿಗುವಂತಿದ್ದರೆ ಅಲ್ಲೇ ಇಡಿ. ತಾಯಿ ಬರುತ್ತದೆ. ನೀವು ಮುಟ್ಟಿದ ಮರಿಯನ್ನು ತಾಯಿ ಬಿಟ್ಟು ಹೋಗುತ್ತದೆ ಅನ್ನುವುದು ಸುಳ್ಳು. ಗಾಯವಾಗಿ ಮನೆಗೆ ತಂದಿರಾದರೆ 48 ಗಂಟೆಯೊಳಗೆ ಅರಣ್ಯ ಇಲಾಖೆಗೋ ಪೊಲೀಸ್ ಠಾಣೆಗೋ ತಿಳಿಸಬೇಕು. ಯಾಕೆಂದರೆ ಆ ಹಕ್ಕಿ ನಿಮ್ಮದೂ ಅಲ್ಲ, ನನ್ನದೂ ಅಲ್ಲ, ಕಾಯ್ದೆಯ ಪ್ರಕಾರ ಸರಕಾರದ್ದು.

ಈಗಾಗಲೇ ಪಂಜರದಲ್ಲಿ ಗಿಳಿ ಇದ್ದವರು ಹೆದರಿ, ರಾತ್ರೋರಾತ್ರಿ ಬಾಗಿಲು ತೆಗೆದು ಬಿಡಬೇಡಿ. ರೆಕ್ಕೆ ಕತ್ತರಿಸಿದ ಗಿಳಿ ಬೆಕ್ಕಿನ ಪಾಲು. ಹತ್ತಿರದ ವಲಯ ಅರಣ್ಯ ಕಚೇರಿಗೆ ಒಯ್ದು ಕೊಡಿ. ಸಿಕ್ಕಿಬಿದ್ದ ಮೇಲೆ ಹೇಳುವುದಕ್ಕಿಂತ ನಾವಾಗಿ ಹೋಗಿ ಹೇಳುವುದು ಮೇಲು. ಹೋಗುವಾಗ ಒಂದು ಹಾಳೆಯಲ್ಲಿ ನಿಮ್ಮ ಹೆಸರು, ಊರು, ತಾರೀಖು ಬರೆಯಿರಿ. ಹಕ್ಕಿ ಎಲ್ಲಿಂದ ಬಂತು ಅಂತಲೂ ಬರೆಯಿರಿ. ಇನ್ನೊಂದು ಪ್ರತಿಗೆ ಅವರ ಸಹಿ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಬರೆದುಕೊಡಿ ಅಂತ ಇನ್ನೊಬ್ಬರ ಹತ್ತಿರ ಕೇಳಬೇಕಾಗಿಲ್ಲ. ಈಗ ನಿಮಗೇ ಬರುತ್ತಲ್ಲ!